ಪ್ರವಾದಿಯ ಮಾತು ಬರೆದಿಟ್ಟ ಬಾರೂಕ: ನರಳಾಟದಿಂದ ಧೈರ್ಯದ ಕಡೆಗೆ

ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಯೆರೆಮೀಯನ ಗ್ರಂಥಕ್ಕೆ 52 ಅಧ್ಯಾಯಗಳಿವೆ. ಬಾರೂಕ ಎಂಬ ಹೆಸರು ಅದರಲ್ಲಿ ಬರುವುದು ನಾಲ್ಕೇ ಅಧ್ಯಾಯಗಳಲ್ಲಿ: 32, 36, 43 ಮತ್ತು 45. ಪ್ರವಾದಿ ಯೆರೆಮೀಯ ಹೇಳಿದ್ದನ್ನು ಬರೆದುಕೊಂಡವನು, ಅಷ್ಟೇ ಅಲ್ವಾ ಎಂದುಕೊಂಡು ನಾವು ಮುಂದೆ ಹೋಗಿಬಿಡುತ್ತೇವೆ. ಭಾನುವಾರದ ಪ್ರಸಂಗಗಳಲ್ಲೂ ಇವನ ಹೆಸರು ಕೇಳಿಬರುವುದು ಅಪರೂಪ.

ಇದಕ್ಕೆ ಒಂದು ಕಾರಣ ಗ್ರಂಥದ ಜೋಡಣೆಯಲ್ಲೇ ಇದೆ. ಯೆರೆಮೀಯನ ಗ್ರಂಥ ಕಾಲದ ಕ್ರಮದಲ್ಲಿ ಸಾಗುವುದಿಲ್ಲ. 32ನೇ ಅಧ್ಯಾಯ ನಡೆಯುವುದು ಯೆಹೂದ ರಾಜ್ಯದ ರಾಜಧಾನಿ ಯೆರೂಸಲೇಮ್ ಬಾಬೆಲಿನವರ (ಬ್ಯಾಬಿಲೋನಿನವರ) ಕೈಗೆ ಬೀಳುವ ಸ್ವಲ್ಪ ಮುಂಚೆ. 36ಕ್ಕೆ ಬಂದರೆ ನಾವು ಹದಿನಾರು ಹದಿನೇಳು ವರ್ಷ ಹಿಂದಕ್ಕೆ ಹೋಗಿರುತ್ತೇವೆ. 43 ನಡೆಯುವುದು ನಗರ ಬಿದ್ದ ಮೇಲೆ. 45 ಮತ್ತೆ 36ರ ಕಾಲಕ್ಕೇ ಸೇರಿದ್ದು. ಅಂದರೆ ಬಾರೂಕನ ಕಥೆಯ ಶುರುವಿನ ಭಾಗ ಪುಸ್ತಕದಲ್ಲಿ ಕೊನೆಗೆ ಕೂತಿದೆ. ಹಾಗೇ ಓದಿದರೆ ಮನುಷ್ಯ ಕಾಣುವುದಿಲ್ಲ, ತುಣುಕುಗಳು ಮಾತ್ರ ಕಾಣುತ್ತವೆ. ಇಸವಿ ನೋಡಿ ಜೋಡಿಸಿಕೊಂಡು ಓದಿದರೆ, ನರಳುತ್ತಾ ಕೂತಿದ್ದ ಒಬ್ಬ ಬರಹಗಾರ ಹೇಗೆ ಗಟ್ಟಿಯಾದ ಅನ್ನುವುದು ಹಂತ ಹಂತವಾಗಿ ತಿಳಿಯುತ್ತದೆ.

ಯಾರ ಮನೆಯ ಹುಡುಗ?

ಬಾರೂಕನ ತಂದೆ ನೇರೀಯ, ಅಜ್ಜ ಮಹ್ಸೇಯ. ಬೈಬಲ್‌ನಲ್ಲಿ ಅಜ್ಜನ ಹೆಸರನ್ನೂ ಸೇರಿಸಿ ಹೇಳಿದರೆ ಸಾಮಾನ್ಯವಾಗಿ ಅದು ಗುರುತಿರುವ ಮನೆತನ. ಇವನ ಸಹೋದರ ಸೆರಾಯ ಮುಂದೆ ಚಿದ್ಕೀಯ ರಾಜನ ಹತ್ತಿರ ಅಧಿಕಾರಿಯಾದ. ರಾಜ ಬಾಬೆಲಿಗೆ ಹೋದಾಗ ಜೊತೆಗೆ ಹೋದವನು ಅವನು. ಅಂದರೆ ಅರಮನೆಯ ಬಾಗಿಲು ಈ ಮನೆಯವರಿಗೆ ದೂರವಿರಲಿಲ್ಲ.

ಬಾರೂಕನ ಕಸುಬು ಬರವಣಿಗೆ. ಅಕ್ಷರ ಬಲ್ಲವರು ಕಡಿಮೆಯಿದ್ದ ಆ ಕಾಲದಲ್ಲಿ ಈ ಕಸುಬಿಗೆ ದೊಡ್ಡ ಬೆಲೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಶ್ಯಾನುಭೋಗರ ಕಡತದಲ್ಲಿ ಏನಿದೆಯೋ ಅದೇ ಊರಿನ ಮಾತಾಗುತ್ತಿತ್ತಲ್ಲ, ಹಾಗೆ ಕ್ರಯಪತ್ರ, ಸಾಲಪತ್ರ, ರಾಜನ ಆಜ್ಞೆ ಎಲ್ಲವೂ ಇಂಥವರ ಕೈದಾಟಿಯೇ ಬರಬೇಕಿತ್ತು. ಇವರಲ್ಲಿ ಮೇಲೇರಿದವನು ರಾಜನ ಕಾರ್ಯದರ್ಶಿಯೇ ಆಗಬಹುದಿತ್ತು. ಓದುಬರಹ ಬಲ್ಲ, ಒಳ್ಳೆ ಮನೆತನದ ಯುವಕನಿಗೆ ಆ ದಾರಿ ತೆರೆದೇ ಇತ್ತು.

ಆದರೆ ಅವನು ಸೇರಿಕೊಂಡದ್ದು ಯೆರೆಮೀಯನನ್ನು. ಇಡೀ ಊರು ಶಪಿಸುತ್ತಿದ್ದ ಮನುಷ್ಯನನ್ನು.

ಕಾಲವೂ ಕೆಟ್ಟದಾಗಿತ್ತು. ಕ್ರಿ.ಪೂ. 609ರಲ್ಲಿ ಒಳ್ಳೆಯ ರಾಜನೆಂದು ಹೆಸರಾದ ಯೋಷೀಯ ಮೆಗಿದ್ದೋ ಎಂಬಲ್ಲಿ ಐಗುಪ್ತದ (ಈಜಿಪ್ಟಿನ) ರಾಜ ಫರೋಹ ನೆಕೋನ ಎದುರು ಸತ್ತ. ಕೆಲವೇ ತಿಂಗಳಲ್ಲಿ ಫರೋಹ ತನಗೆ ಬೇಕಾದ ಯೆಹೋಯಾಕೀಮನನ್ನು ಸಿಂಹಾಸನದಲ್ಲಿ ಕೂರಿಸಿದ. ಕ್ರಿ.ಪೂ. 605ರಲ್ಲಿ ಕರ್ಕೆಮೀಷ್ ಯುದ್ಧದಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಐಗುಪ್ತದ ಸೈನ್ಯವನ್ನು ಮುರಿದ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿಕೊಂಡಿದ್ದ ಪುಟ್ಟ ಯೆಹೂದ ರಾಜ್ಯಕ್ಕೆ ಇನ್ನು ಮುಂದೆ ಬಾಬೆಲೇ ಯಜಮಾನ ಅನ್ನುವುದು ಸ್ಪಷ್ಟವಾಯಿತು. ಯೆರೆಮೀಯ ವರ್ಷಗಳಿಂದ ಹೇಳುತ್ತಾ ಬಂದದ್ದೂ ಅದನ್ನೇ: ಉತ್ತರದಿಂದ ವಿಪತ್ತು ಬರುತ್ತದೆ, ತಿದ್ದಿಕೊಳ್ಳಿ.

ಅದೇ 605ರಲ್ಲಿ, ಅಂದರೆ ಯೆಹೋಯಾಕೀಮನ ಆಳ್ವಿಕೆಯ ನಾಲ್ಕನೇ ವರ್ಷದಲ್ಲಿ, ಯೆರೆಮೀಯನಿಗೆ ದೇವರ ಅಪ್ಪಣೆಯಾಯಿತು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಒಂದು ಸುರುಳಿಯಲ್ಲಿ ಬರೆಸು. ಅದು 23 ವರ್ಷಗಳ ಮಾತು. ಯೆರೆಮೀಯ ಬಾಯಿಬಿಟ್ಟು ಹೇಳಿದ, ಬಾರೂಕ ಶಾಯಿಯಲ್ಲಿ ಬರೆದ.

ಬರೆಯುತ್ತಾ ನರಳಿದವನು

ಇಲ್ಲಿ 45ನೇ ಅಧ್ಯಾಯವನ್ನು ತಂದು ಸೇರಿಸಬೇಕು. ಐದೇ ಐದು ವಚನಗಳ ಪುಟ್ಟ ಅಧ್ಯಾಯ ಅದು. ಬಾರೂಕ ಈ ಮಾತುಗಳನ್ನು ಸುರುಳಿಯಲ್ಲಿ ಬರೆದ ನಾಲ್ಕನೇ ವರ್ಷದಲ್ಲೇ ಇದು ನಡೆಯಿತು ಎಂದು ಮೊದಲ ವಚನವೇ ಹೇಳುತ್ತದೆ.

ಬಾರೂಕನ ಒಳಗಿನ ಮಾತು ನಮಗೆ ಕೇಳುವುದು ಇಲ್ಲೊಂದೇ ಕಡೆ. ಅದೂ ಅವನ ಬಾಯಿಂದ ನೇರವಾಗಿ ಅಲ್ಲ. ನೀನು ಹೀಗೆ ಹೇಳಿದೆಯಲ್ಲ ಎಂದು ದೇವರು ಅವನಿಗೇ ನೆನಪಿಸುವ ರೀತಿಯಲ್ಲಿ. ಸಾರಾಂಶ ಇಷ್ಟು: ಅಯ್ಯೋ ನನ್ನ ಗತಿಯೇ! ಇದ್ದ ನೋವು ಸಾಲದೆಂದು ದೇವರು ಇನ್ನೂ ದುಃಖ ಸೇರಿಸಿದ್ದಾನೆ. ನರಳಿ ನರಳಿ ಸಾಕಾಗಿದೆ. ನೆಮ್ಮದಿ ಅನ್ನುವುದೇ ಇಲ್ಲ.

ಯಾಕೆ ಈ ನರಳಾಟ? ಅವನು ಕೂತಿದ್ದ ಜಾಗ ನೆನೆಸಿಕೊಳ್ಳಿ. ತನ್ನದೇ ಊರು ಹಾಳಾಗುತ್ತದೆ, ತನ್ನದೇ ದೇವಾಲಯ ಉರಿಯುತ್ತದೆ ಎಂದು ಸಾಲು ಸಾಲಾಗಿ ಬರೆಯುತ್ತಾ ಹೋಗಬೇಕು. ಕೇಳುವವನು ಒಮ್ಮೆ ಕೇಳಿ ಎದ್ದು ಹೋಗಬಹುದು. ಬರೆಯುವವನು ಪ್ರತಿ ಪದದ ಮೇಲೂ ನಿಂತು ಹೋಗಬೇಕು. ಜೊತೆಗೆ ಈ ಸುರುಳಿಗೆ ಕೈ ಹಾಕಿದ ಮೇಲೆ ಅರಮನೆಯ ಬಾಗಿಲು ತನಗೆ ಮುಚ್ಚಿತು ಅನ್ನುವುದೂ ಅವನಿಗೆ ತಿಳಿದೇ ಇತ್ತು.

ದೇವರ ಉತ್ತರ ಓದಿದಾಗ ಮೊದಲಿಗೆ ಗಟ್ಟಿಯಾಗಿ ಬಡಿಯುತ್ತದೆ. ನಾನು ಕಟ್ಟಿದ್ದನ್ನೇ ನಾನು ಕೆಡವುತ್ತಿದ್ದೇನೆ, ನೆಟ್ಟಿದ್ದನ್ನೇ ಕೀಳುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ನೀನು ನಿನಗೋಸ್ಕರ ದೊಡ್ಡದೇನನ್ನೋ ಬಯಸುತ್ತೀಯಾ? ಬಯಸಬೇಡ. ಎಲ್ಲರ ಮೇಲೂ ವಿಪತ್ತು ಬರುತ್ತದೆ. ಆದರೆ ನೀನು ಎಲ್ಲಿಗೆ ಹೋದರೂ ನಿನ್ನ ಪ್ರಾಣವನ್ನು ನಿನಗೆ ಉಳಿಸಿಕೊಡುತ್ತೇನೆ.

ನನಗೆ ಈ ಉತ್ತರದಲ್ಲಿ ಮುಖ್ಯ ಅನ್ನಿಸುವುದು ಮೊದಲ ಭಾಗ. ಮಗನೇ ಹೆದರಬೇಡ, ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಇಲ್ಲಿಲ್ಲ. ಕಟ್ಟಿದ್ದನ್ನು ಕೆಡವುವ ನೋವು ನನಗೂ ಇದೆ ಎಂದು ದೇವರೇ ಹೇಳುವ ಧ್ವನಿ ಇದೆ. ಬಾರೂಕ ತನ್ನ ದುಃಖವನ್ನು ತೋಡಿಕೊಂಡ. ಅದಕ್ಕಿಂತ ದೊಡ್ಡ ದುಃಖವೊಂದು ಅವನ ಮುಂದೆ ತೆರೆದುಕೊಂಡಿತು. ಅವನು ಬಯಸಿದ ದೊಡ್ಡದು ಏನೆಂದು ಗ್ರಂಥ ಹೇಳುವುದಿಲ್ಲ. ಆಸ್ಥಾನದಲ್ಲಿ ಸ್ಥಾನಮಾನ ಇರಬೇಕು ಎಂದು ವ್ಯಾಖ್ಯಾನಕಾರರಲ್ಲಿ ಅನೇಕರು ಹೇಳುತ್ತಾರೆ. ಅವನ ಮನೆತನ ನೋಡಿದರೆ ಅದು ಸರಿಯೆಂದೇ ತೋರುತ್ತದೆ.

ಇದು ಸುರುಳಿ ಬರೆಯುವಾಗಿನ ಮಾತು ಅನ್ನುವುದನ್ನು ಮರೆಯಬಾರದು. ಜನರ ಮುಂದೆ ಓದುವ ಕೆಲಸ ಇನ್ನೂ ಬಂದಿರಲಿಲ್ಲ. ಮೊದಲು ನರಳಾಟ, ಆಮೇಲೆ ಈ ಉತ್ತರ, ಆಮೇಲೆ ಧೈರ್ಯದ ಕೆಲಸ. ಅಧ್ಯಾಯದ ಕ್ರಮದಲ್ಲೇ ಓದುವವರಿಗೆ ಇದು ತಿರುಗುಮುರುಗಾಗಿ, ಧೈರ್ಯವಂತನೊಬ್ಬ ಕೊನೆಗೆ ಕುಗ್ಗಿಹೋದ ಹಾಗೆ ಕಾಣುತ್ತದೆ.

ಉಪವಾಸದ ದಿನ

ಸುರುಳಿ ಮುಗಿಯಿತು. ಯೆರೆಮೀಯನಿಗೆ ದೇವಾಲಯದೊಳಗೆ ಹೋಗಲು ಆಗುತ್ತಿರಲಿಲ್ಲ, ತಡೆ ಇತ್ತು. ನೀನೇ ಹೋಗಿ ಓದು ಎಂದು ಬಾರೂಕನಿಗೆ ಹೇಳಿದ. ಬರೆಯುವುದಕ್ಕೂ ಜನರ ಮುಂದೆ ನಿಂತು ಓದುವುದಕ್ಕೂ ಬಹಳ ವ್ಯತ್ಯಾಸವಿದೆ. ಮುಚ್ಚಿದ ಕೋಣೆಯಲ್ಲಿ ಬರೆದವನ ಮುಖ ಯಾರಿಗೂ ಕಾಣುವುದಿಲ್ಲ.

ಐದನೇ ವರ್ಷದ ಒಂಬತ್ತನೇ ತಿಂಗಳಲ್ಲಿ ಯೆರೂಸಲೇಮಿನಲ್ಲಿ ಎಲ್ಲರಿಗೂ ಉಪವಾಸ ಸಾರಲಾಯಿತು. ಬಹುಪಾಲು ವಿದ್ವಾಂಸರ ಲೆಕ್ಕದಲ್ಲಿ ಇದು ಕ್ರಿ.ಪೂ. 604ರ ಡಿಸೆಂಬರ್ ಸುಮಾರು. ಯಾಕೆ ಉಪವಾಸ ಎಂದು ಬೈಬಲ್ ಹೇಳುವುದಿಲ್ಲ. ಆದರೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಬಾಬೆಲಿನ ಒಂದು ಮಣ್ಣಿನ ಫಲಕವಿದೆ. ನೆಬೂಕದ್ನೆಚ್ಚರ ತನ್ನ ಮೊದಲ ವರ್ಷದ ಕಿಸ್ಲೇವ್ ತಿಂಗಳಲ್ಲಿ ಸಮುದ್ರತೀರದ ಅಷ್ಕೆಲೋನ್ ನಗರವನ್ನು ಹಿಡಿದು ಹಾಳುಮಾಡಿದ ಎಂದು ಅದರಲ್ಲಿ ಬರೆದಿದೆ. ಕಿಸ್ಲೇವ್ ಅಂದರೆ ಅದೇ ಒಂಬತ್ತನೇ ತಿಂಗಳು, ಅದೇ 604. ಅಷ್ಕೆಲೋನ್ ಯೆರೂಸಲೇಮಿಗೆ ಕೆಲವೇ ದಿನಗಳ ನಡಿಗೆಯ ದೂರದಲ್ಲಿತ್ತು. ಹೆದರಿಕೆ ಮನೆ ಬಾಗಿಲಿಗೆ ಬಂದಿತ್ತು. ಜನ ದೇವಾಲಯದಲ್ಲಿ ತುಂಬಿದ್ದರು.

ಬಾರೂಕ ದೇವಾಲಯದ ಮೇಲಿನ ಅಂಗಳದಲ್ಲಿ, ಹೊಸ ಬಾಗಿಲ ಹತ್ತಿರ, ಗೆಮರ್ಯ ಎಂಬ ಅಧಿಕಾರಿಯ ಕೋಣೆಯಿಂದ ಸುರುಳಿಯನ್ನು ಎಲ್ಲರಿಗೂ ಕೇಳುವಂತೆ ಓದಿದ. ಗೆಮರ್ಯನ ತಂದೆ ಶಾಫಾನ. ಈ ಹೆಸರು ಮುಂದೆ ಬೇಕಾಗುತ್ತದೆ.

ಗೆಮರ್ಯನ ಮಗ ಮೀಕಾಯ ಓಡಿಹೋಗಿ ಅರಮನೆಯಲ್ಲಿದ್ದ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಅವರು ಬಾರೂಕನನ್ನು ಕರೆಸಿದರು. ಕೂತುಕೋ, ನಮಗೂ ಓದು ಅಂದರು. ಆ ಗುಂಪಿನಲ್ಲಿ ಅಕ್ಬೋರನ ಮಗ ಎಲ್ನಾಥಾನ ಎಂಬುವನೂ ಕೂತಿದ್ದ. ಇವನ ಹೆಸರು 26ನೇ ಅಧ್ಯಾಯದಲ್ಲಿ ಇನ್ನೊಂದು ಸಂದರ್ಭದಲ್ಲಿ ಬರುತ್ತದೆ. ಊರೀಯ ಎಂಬ ಪ್ರವಾದಿ ಯೆರೆಮೀಯನಂತೆಯೇ ಮಾತಾಡಿದ, ಪ್ರಾಣಭಯದಿಂದ ಐಗುಪ್ತಕ್ಕೆ ಓಡಿಹೋದ. ರಾಜ ಜನ ಕಳಿಸಿ ಅವನನ್ನು ಅಲ್ಲಿಂದ ಹಿಡಿದು ತರಿಸಿ ಕತ್ತಿಯಿಂದ ಕೊಲ್ಲಿಸಿದ, ಹೆಣವನ್ನು ಸಾಮಾನ್ಯರ ಗುಂಡಿಗೆ ಎಸೆಸಿದ. ಹಿಡಿದು ತರಲು ಹೋದ ಗುಂಪಿನ ಮುಖ್ಯಸ್ಥ ಇದೇ ಎಲ್ನಾಥಾನ. ಯೆಹೋಯಾಕೀಮ ಐಗುಪ್ತದ ಅಡಿಯಾಳಾಗಿದ್ದ ಮೊದಲ ವರ್ಷಗಳ ಸಂಗತಿ ಇದು ಎಂದು ಹೆಚ್ಚಿನವರು ಎಣಿಸುತ್ತಾರೆ. ಹಾಗಿದ್ದರೆ ಬಾರೂಕ ಯಾರ ಮುಖ ನೋಡುತ್ತಾ ಓದಿದ ಎಂದು ಯೋಚಿಸಿ.

ಓದು ಮುಗಿಯಿತು. ಅಧಿಕಾರಿಗಳು ಹೆದರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದನ್ನು ರಾಜನಿಗೆ ಹೇಳಲೇಬೇಕು ಅಂದರು. ಆಮೇಲೆ ಬಾರೂಕನನ್ನು ಕೇಳಿದರು: ಇದನ್ನೆಲ್ಲ ಹೇಗೆ ಬರೆದೆ? ಅವನೇ ಹೇಳಿ ಬರೆಸಿದನಾ?

ಇಲ್ಲಿ ತಪ್ಪಿಸಿಕೊಳ್ಳಲು ಜಾಗವಿತ್ತು. ನಾನು ಸುಮ್ನೆ ಓದಲು ತಂದೆ, ಯಾರು ಬರೆದರೋ ಗೊತ್ತಿಲ್ಲ ಅನ್ನಬಹುದಿತ್ತು. ಬಾರೂಕ ಹೇಳಿದ್ದು ಒಂದೇ ವಾಕ್ಯ: ಅವನು ಬಾಯಿಂದ ಹೇಳುತ್ತಿದ್ದ, ನಾನು ಶಾಯಿಯಿಂದ ಸುರುಳಿಯಲ್ಲಿ ಬರೆದೆ. ಇಡೀ ಗ್ರಂಥದಲ್ಲಿ ಬಾರೂಕ ಇನ್ನೊಬ್ಬರಿಗೆ ಎದುರಾಗಿ ಆಡಿದ ಮಾತು ಇದೊಂದೇ. ಭಾಷಣವಿಲ್ಲ, ಸಮರ್ಥನೆಯಿಲ್ಲ. ಕಸುಬಿನವನು ತನ್ನ ಕಸುಬಿನ ಬಗ್ಗೆ ಹೇಳುವಂತೆ ಹೇಳಿದ, ಶಾಯಿ ಅನ್ನುವ ಪದವನ್ನೂ ಬಿಡಲಿಲ್ಲ. ಬರೆದ ಕೈ ನನ್ನದು ಎಂದು ಒಪ್ಪಿಕೊಂಡ. ಹಿಂದಿನ ವರ್ಷ ನೆಮ್ಮದಿಯಿಲ್ಲ ಎಂದು ನರಳುತ್ತಿದ್ದವನು ಇವನೇ.

ಅಧಿಕಾರಿಗಳು ಕೆಟ್ಟವರಾಗಿರಲಿಲ್ಲ. ನೀನೂ ಯೆರೆಮೀಯನೂ ಬಚ್ಚಿಟ್ಟುಕೊಳ್ಳಿ, ಎಲ್ಲಿದ್ದೀರೆಂದು ಯಾರಿಗೂ ಗೊತ್ತಾಗಬಾರದು ಅಂದರು.

ಚೂರಿ ಮತ್ತು ಅಗ್ಗಿಷ್ಟಿಕೆ

ರಾಜ ಚಳಿಗಾಲದ ಅರಮನೆಯಲ್ಲಿ ಕೂತಿದ್ದ. ಮುಂದೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಯುತ್ತಿತ್ತು. ಯೆಹೂದಿ ಎಂಬ ಹೆಸರಿನ ಸೇವಕ ಸುರುಳಿ ಓದತೊಡಗಿದ. ಮೂರು ನಾಲ್ಕು ಅಂಕಣ ಓದಿದಾಗಲೆಲ್ಲ ರಾಜ ಆ ಭಾಗವನ್ನು ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದ. ಆ ಚೂರಿ ಬರಹಗಾರರು ಬಳಸುವ ಚೂರಿ ಎಂದು ಮೂಲ ಹೇಳುತ್ತದೆ. ಬರೆಯುವ ಹಾಳೆ ಕತ್ತರಿಸಲು, ಜೊಂಡಿನ ಲೇಖನಿ ಚೂಪು ಮಾಡಲು ಅವರು ಇಟ್ಟುಕೊಳ್ಳುತ್ತಿದ್ದ ಉಪಕರಣ. ಬಾರೂಕನ ಕೈಯಲ್ಲಿ ಸುರುಳಿ ತಯಾರಿಸಿದ ಸಾಧನವೇ ರಾಜನ ಕೈಯಲ್ಲಿ ಅದನ್ನು ಹರಿದು ಹಾಕಿತು. ಸಿಟ್ಟಿನಲ್ಲಿ ಒಂದೇ ಸಲ ಎಸೆದಿದ್ದರೆ ಬೇರೆ ಮಾತು. ಇವನು ಕೇಳಿಸಿಕೊಂಡು, ನಿಧಾನವಾಗಿ ಕೊಯ್ದು, ಪೂರ್ತಿ ಸುರುಳಿ ಬೂದಿಯಾಗುವ ತನಕ ಸುಟ್ಟ.

ಈಗ ಶಾಫಾನನ ಹೆಸರಿಗೆ ಬರೋಣ. ಹದಿನೆಂಟು ವರ್ಷ ಹಿಂದೆ, ಕ್ರಿ.ಪೂ. 622ರಲ್ಲಿ, ದೇವಾಲಯದ ರಿಪೇರಿ ನಡೆಯುವಾಗ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಅದನ್ನು ರಾಜ ಯೋಷೀಯನ ಮುಂದೆ ಓದಿದವನು ಇದೇ ಶಾಫಾನ. ಕೇಳಿದ ಕೂಡಲೇ ಯೋಷೀಯ ದುಃಖದಿಂದ ತನ್ನ ಬಟ್ಟೆ ಹರಿದುಕೊಂಡ. ಯೆಹೋಯಾಕೀಮ ಆ ಯೋಷೀಯನ ಮಗ. ತಂದೆ ಬಟ್ಟೆ ಹರಿದುಕೊಂಡ, ಮಗ ಗ್ರಂಥ ಹರಿದ. ಬರೆದವರು ಈ ಹೋಲಿಕೆಯನ್ನು ಬೇಕೆಂದೇ ಇಟ್ಟಿದ್ದಾರೆ, ಯಾರೂ ಬಟ್ಟೆ ಹರಿದುಕೊಳ್ಳಲಿಲ್ಲ ಎಂದು ಒತ್ತಿ ಹೇಳುತ್ತಾರೆ. ಸುಡಬೇಡಿ ಎಂದು ರಾಜನನ್ನು ಬೇಡಿಕೊಂಡವರು ಮೂವರು: ಶಾಫಾನನ ಮಗ ಗೆಮರ್ಯ, ದೆಲಾಯ, ಮತ್ತು ಎಲ್ನಾಥಾನ. ಹೌದು, ಊರೀಯನನ್ನು ಹಿಡಿದು ತಂದ ಎಲ್ನಾಥಾನನೇ. ಬಾರೂಕನ ಓದು ಅವನೊಳಗೆ ಏನನ್ನೋ ಅಲ್ಲಾಡಿಸಿತ್ತು ಎಂದು ನಾನು ನಂಬುತ್ತೇನೆ.

ರಾಜ ಕೇಳಲಿಲ್ಲ. ಬಾರೂಕನನ್ನೂ ಯೆರೆಮೀಯನನ್ನೂ ಹಿಡಿಯಲು ಆಳು ಕಳಿಸಿದ. ದೇವರು ಅವರನ್ನು ಮರೆಮಾಡಿದ ಎಂದಷ್ಟೇ ಗ್ರಂಥ ಹೇಳುತ್ತದೆ.

ಮುಂದಿನ ಕೆಲಸವೇ ಬಾರೂಕನ ಬದುಕಿನ ಅತಿ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಅದು 36ನೇ ಅಧ್ಯಾಯದ ಕೊನೇ ವಚನದಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ. ಯೆರೆಮೀಯ ಇನ್ನೊಂದು ಸುರುಳಿ ತಂದು ಬಾರೂಕನಿಗೆ ಕೊಟ್ಟ. ಬಾರೂಕ ಸುಟ್ಟುಹೋದದ್ದನ್ನೆಲ್ಲ ಮತ್ತೆ ಬರೆದ. ಅಷ್ಟೇ ಅಲ್ಲ, ಅಂಥವೇ ಇನ್ನೂ ಬಹಳ ಮಾತುಗಳು ಸೇರಿದವು.

ಮೊದಲ ಸಲ ಬರೆಯುವಾಗ ಏನಾಗುತ್ತದೋ ಎಂಬ ಅಂದಾಜು ಮಾತ್ರ ಇತ್ತು. ಎರಡನೇ ಸಲ ಎಲ್ಲ ಗೊತ್ತಿತ್ತು. ರಾಜ ಸುಟ್ಟಿದ್ದಾನೆ, ಹಿಡಿಯಲು ಜನ ತಿರುಗುತ್ತಿದ್ದಾರೆ, ಬಚ್ಚಿಟ್ಟುಕೊಂಡು ಬದುಕಬೇಕು. ಜನರ ಮುಂದೆ ಒಂದು ದಿನ ಎದೆಯೊಡ್ಡಿ ನಿಲ್ಲುವುದು ಕಷ್ಟವೇ. ಆದರೆ ಸುಟ್ಟುಹೋದ ಕೆಲಸವನ್ನು ಮೊದಲ ಅಕ್ಷರದಿಂದ ಮತ್ತೆ ಶುರು ಮಾಡುವುದಕ್ಕೆ ಬೇರೆ ರೀತಿಯ ನಂಬಿಕೆ ಬೇಕು. ಈ ಸಲ ಅವನು ನರಳಿದ ಎಂದು ಎಲ್ಲೂ ಬರೆದಿಲ್ಲ.

ಮಣ್ಣಿನಲ್ಲಿ ಉಳಿದ ಹೆಸರು

ಈ ಕಥೆಗೆ ಪುರಾತತ್ತ್ವದ ಆಧಾರ ಇದೆಯಾ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಆ ಕಾಲದಲ್ಲಿ ಪತ್ರ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣಿನ ಉಂಡೆ ಇಟ್ಟು ಮುದ್ರೆ ಒತ್ತುತ್ತಿದ್ದರು. 1970ರ ದಶಕದಲ್ಲಿ ಹಳೆ ವಸ್ತುಗಳ ಮಾರುಕಟ್ಟೆಯಲ್ಲಿ ಅಂಥದೊಂದು ಮುದ್ರೆ ಬಂತು. ಅದರಲ್ಲಿ ಬಾರೂಕನ ಹೆಸರಿನ ಪೂರ್ಣರೂಪ, ತಂದೆಯ ಹೆಸರು, ಕಸುಬು ಎಲ್ಲವೂ ಇದ್ದವು. ಬಾರೂಕನದೇ ಮುದ್ರೆ ಸಿಕ್ಕಿತು ಎಂದು ದೊಡ್ಡ ಸುದ್ದಿಯಾಯಿತು. ಈಗಲೂ ಅನೇಕ ಕಡೆ ಅದರ ಫೋಟೋ ಹಾಕುತ್ತಾರೆ. ಆದರೆ ಅದು ಯಾವ ಅಗೆತದಲ್ಲೂ ಸಿಕ್ಕಿದ್ದಲ್ಲ. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದೂ, ಅದರ ಜೊತೆಯದೇ ಆದ ಇನ್ನೊಂದೂ ನಕಲಿ ಎಂಬ ತೀರ್ಮಾನ ಬಂತು. ಅದನ್ನು ಪುರಾವೆಯೆಂದು ತೋರಿಸುವುದನ್ನು ನಿಲ್ಲಿಸಬೇಕು.

ಗಟ್ಟಿಯಾದದ್ದು ಬೇರೆಯೇ ಇದೆ. 1982ರಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣ ಎಂಬ ಭಾಗದಲ್ಲಿ ಯಿಗಾಲ್ ಶಿಲೋ ಅವರ ತಂಡ ಅಗೆಯುವಾಗ ಸುಮಾರು ಐವತ್ತು ಮಣ್ಣಿನ ಮುದ್ರೆಗಳು ಒಟ್ಟಿಗೆ ಸಿಕ್ಕವು. ಬಾಬೆಲಿನವರು ನಗರ ಸುಟ್ಟ ಪದರದಲ್ಲೇ ಅವು ಇದ್ದವು. ಪತ್ರಗಳು ಉರಿದುಹೋಗಿದ್ದವು, ಮಣ್ಣು ಮಾತ್ರ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದಿತ್ತು. ಅವುಗಳಲ್ಲಿ ಒಂದರ ಮೇಲೆ ಶಾಫಾನನ ಮಗ ಗೆಮರ್ಯನ ಹೆಸರಿದೆ. ಬಾರೂಕನಿಗೆ ಓದಲು ಕೋಣೆ ಒದಗಿದ್ದು ಇವನದೇ ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ.

ಮುತ್ತಿಗೆಯೊಳಗೆ ಒಂದು ಕ್ರಯಪತ್ರ

ಹದಿನಾರು ಹದಿನೇಳು ವರ್ಷ ಕಳೆಯಿತು. ಈಗ ರಾಜ ಚಿದ್ಕೀಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುವರಿದಿದೆ. ಯೆರೆಮೀಯ ಕಾವಲಿನ ಅಂಗಳದಲ್ಲಿ ಕೈದಿ. ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾಥೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಎನ್ನುತ್ತಾನೆ. ಆಗಲೇ ಶತ್ರುಗಳ ಕೈಸೇರಿದ ನೆಲ ಅದು. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡ. ಈಗಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ ಬೆಳ್ಳಿ.

ಸಾಕ್ಷಿಗಳು ರುಜು ಹಾಕಿದ ಕ್ರಯಪತ್ರವನ್ನು ಎಲ್ಲರ ಮುಂದೆ ಯೆರೆಮೀಯ ಕೊಟ್ಟದ್ದು ಬಾರೂಕನ ಕೈಗೆ. ಪತ್ರಕ್ಕೆ ಎರಡು ಪ್ರತಿ: ಒಂದು ಮುದ್ರೆ ಹಾಕಿ ಮುಚ್ಚಿದ್ದು, ಇನ್ನೊಂದು ಬೇಕಾದಾಗ ನೋಡಲು ತೆರೆದದ್ದು. ಮುಂದೆ ತಕರಾರು ಬಂದರೆ ಮುಚ್ಚಿದ ಪ್ರತಿಯನ್ನು ಒಡೆದು ಹೋಲಿಸಿ ನೋಡಬಹುದು. ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಎಂದ ಯೆರೆಮೀಯ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ದಿನ ಬರುತ್ತದೆ ಎಂಬ ದೇವರ ಮಾತಿಗೆ ಇದೇ ಗುರುತು.

ದೊಡ್ಡದನ್ನು ಬಯಸಬೇಡ ಎಂದು ಕೇಳಿಸಿಕೊಂಡಿದ್ದ ಬಾರೂಕನ ಕೈಗೆ ಈಗ ಬಂದದ್ದು ಒಂದು ಗಡಿಗೆ. ಊರು ಸಾಯುತ್ತಿರುವಾಗ ಊರಿನ ನಾಳೆಯ ಕಾಗದಪತ್ರ ಕಾಪಾಡುವ ಕೆಲಸ. ಅವನು ಮರುಮಾತಾಡಿದ ಸುಳಿವಿಲ್ಲ.

ಕ್ರಿ.ಪೂ. 586ರ ಸುಮಾರಿಗೆ ನಗರ ಬಿತ್ತು, ದೇವಾಲಯ ಉರಿಯಿತು. ಬಾಬೆಲಿನವರು ನೇಮಿಸಿದ ಗೆದಲ್ಯನೆಂಬ ಅಧಿಪತಿಯ ಕೊಲೆಯಾಯಿತು. ಅಳಿದುಳಿದ ಜನ ಐಗುಪ್ತಕ್ಕೆ ಓಡಲು ಹೊರಟರು. ಹೋಗಬೇಡಿ, ಇಲ್ಲೇ ಇರಿ ಎಂದ ಯೆರೆಮೀಯ. ಆಗ ಮುಖಂಡರು ಆಡಿದ ಮಾತು ವಿಚಿತ್ರ. ನೀನು ಹೇಳುವುದು ಸುಳ್ಳು, ನಮ್ಮನ್ನು ಬಾಬೆಲಿನವರ ಕೈಗೆ ಒಪ್ಪಿಸಲು ಬಾರೂಕನೇ ನಿನ್ನನ್ನು ಎತ್ತಿಕಟ್ಟುತ್ತಿದ್ದಾನೆ ಅಂದರು. ಬರೆದುಕೊಳ್ಳುವವನು ಎಂದು ನಾವು ದಾಟಿ ಹೋದ ಮನುಷ್ಯ ಅವರ ಕಣ್ಣಿಗೆ ಪ್ರವಾದಿಯನ್ನೇ ತಿರುಗಿಸಬಲ್ಲವನಾಗಿ ಕಂಡಿದ್ದ. ಅಷ್ಟು ವರ್ಷಗಳಲ್ಲಿ ಅವನಿಗೆ ಬಂದ ತೂಕ ಎಷ್ಟು ಎಂದು ಈ ಸುಳ್ಳು ಆರೋಪದಿಂದಲೇ ಗೊತ್ತಾಗುತ್ತದೆ. ಕೊನೆಗೆ ಇಬ್ಬರನ್ನೂ ಐಗುಪ್ತದ ತಹಪನೇಸಿಗೆ ಕರೆದೊಯ್ದರು. ಅಲ್ಲಿಂದಾಚೆ ಯೆರೆಮೀಯನ ಗ್ರಂಥ ಬಾರೂಕನ ಕಥೆ ಮುಂದುವರಿಸುವುದಿಲ್ಲ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಬೈಬಲ್‌ಗಳಲ್ಲಿ ಅವನ ಹೆಸರಿನ ಒಂದು ಚಿಕ್ಕ ಗ್ರಂಥವಿದೆ, ಆದರೆ ಅದು ಬಹಳ ಕಾಲದ ನಂತರ ರಚನೆಯಾದದ್ದು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಹಾಗಾದರೆ 45ನೇ ಅಧ್ಯಾಯ ಅಲ್ಲಿ ಯಾಕಿದೆ?

ಕ್ರಿ.ಪೂ. 605ರ ಆ ಐದು ವಚನಗಳು ಐಗುಪ್ತದ ಕಥೆಯೆಲ್ಲ ಮುಗಿದ ಮೇಲೆ ಬಂದು ಕೂತಿರುವುದು ಆಕಸ್ಮಿಕವಲ್ಲ. ಯೆರೆಮೀಯನ ಗ್ರಂಥ ನಮಗೆ ಎರಡು ರೂಪಗಳಲ್ಲಿ ಸಿಕ್ಕಿದೆ. ಹೀಬ್ರೂ ರೂಪವೇ ನಮ್ಮ ಬೈಬಲ್‌ನಲ್ಲಿರುವುದು. ಹಳೆಯ ಗ್ರೀಕ್ ಅನುವಾದದ ರೂಪ ಅದಕ್ಕಿಂತ ಸುಮಾರು ಎಂಟರಲ್ಲಿ ಒಂದು ಭಾಗ ಕಡಿಮೆ, ಜೋಡಣೆಯೂ ಬೇರೆ. ಆ ಚಿಕ್ಕ ರೂಪಕ್ಕೆ ಹೊಂದುವ ಹೀಬ್ರೂ ತುಣುಕುಗಳು ಸತ್ತ ಸಮುದ್ರದ ಹತ್ತಿರ ಕುಮ್ರಾನಿನಲ್ಲೂ ಸಿಕ್ಕಿವೆ. ಗ್ರೀಕ್ ಜೋಡಣೆಯಲ್ಲಿ ಬಾರೂಕನಿಗೆ ಬಂದ ಮಾತಿನ ನಂತರ ಉಳಿಯುವುದು ಒಂದೇ ಅಧ್ಯಾಯ, ನಗರ ಬಿದ್ದ ಚರಿತ್ರೆ. ಅಂದರೆ ಆ ರೂಪದಲ್ಲಿ ಇಡೀ ಗ್ರಂಥದ ಕೊನೆಯ ಪ್ರವಾದನೆ ಇದೇ.

ಗ್ರಂಥದ ಬಹುಭಾಗವನ್ನು, ಅದರಲ್ಲೂ ಯೆರೆಮೀಯನ ಬದುಕಿನ ಕಥೆಗಳನ್ನು, ಬಾರೂಕನೇ ಬರೆದು ಜೋಡಿಸಿದ ಎಂದು ನಂಬುವ ವಿದ್ವಾಂಸರಿದ್ದಾರೆ. ಒಪ್ಪದವರೂ ಇದ್ದಾರೆ. ನಂಬುವವರು 45ನೇ ಅಧ್ಯಾಯವನ್ನು ಬರಹಗಾರ ತನ್ನ ಕೆಲಸದ ಕೊನೆಗೆ ಹಾಕಿದ ರುಜು ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ರುಜು ಹಾಕುವ ಜಾಗದಲ್ಲಿ ಅವನು ದೇವಾಲಯದಲ್ಲಿ ಓದಿದ ದಿನವನ್ನು ಇಡಬಹುದಿತ್ತು, ಅಧಿಕಾರಿಗಳ ಮುಂದೆ ಹೇಳಿದ ಆ ಒಂದು ವಾಕ್ಯವನ್ನು ಇಡಬಹುದಿತ್ತು. ಇಟ್ಟದ್ದು ತನ್ನ ನರಳಾಟವನ್ನು, ಅದಕ್ಕೆ ತನಗೆ ಸಿಕ್ಕ ಬೈಗುಳವನ್ನು, ಮತ್ತು ಪ್ರಾಣ ಉಳಿಸಿಕೊಡುತ್ತೇನೆಂಬ ದೇವರ ಮಾತನ್ನು. ಐಗುಪ್ತದವರೆಗೂ ಬದುಕಿ ಬಂದವನಿಗೆ ಆ ಮಾತು ನಿಜವಾಯಿತೆಂದು ಗೊತ್ತಿತ್ತು.